ಆಪತ್ತಿಗೊಂದು ಪೆಟ್ಟಿಗೆ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣದ ಬರಹರೂಪ)



ಹಬ್ಬದ ದಿನ ಗಾಯ, ರಕ್ತ ಅನ್ನೋ ಮಾತು ಯಾಕಪ್ಪ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಊರಿನ ಅಷ್ಟೂ ಮನೆಯವರು ಒಂದು ಕಡೆ ಕೂತು ಮಾತು ಕೇಳುವುದು ಇಂಥ ದಿನ ಮಾತ್ರ. ಡೇರಿಗೆ ಹಾಲು ಹಾಕಲು ಬಂದಾಗ ಎಲ್ಲರಿಗೂ ಅವಸರ. ಆದ್ದರಿಂದ ಈ ಸಭೆಯಲ್ಲೇ ಹೇಳಿಬಿಡುತ್ತೇವೆ.

1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರ ಕೈಯಲ್ಲಿ ಆಗದ್ದನ್ನು ಎಲ್ಲರೂ ಸೇರಿ ಮಾಡುವುದು, ಕಷ್ಟ ಬರುವ ಮುಂಚೆಯೇ ಒಂದಿಷ್ಟು ಕೂಡಿಡುವುದು, ಇದೇ ಸಹಕಾರದ ಮೂಲ. ಹಣದ ಕಷ್ಟಕ್ಕೆ ನಾವು ಈ ದಾರಿ ಕಲಿತಿದ್ದೇವೆ. ಮೈಗೆ ಬರುವ ಆಪತ್ತಿಗೆ ಮಾತ್ರ ಇನ್ನೂ ಕಲಿತಿಲ್ಲ.

1948ರ ಕಾರ್ಖಾನೆ ಕಾಯ್ದೆಯು 150 ಜನ ಕೆಲಸಗಾರರಿಗೆ ಒಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲೇಬೇಕೆಂದು ವಿಧಿಸಿತು. ನಮ್ಮ ಊರನ್ನೇ ನೋಡಿ. ಮೇವು ಕತ್ತರಿಸುವ ಮಿಷನ್ನು, ಒಕ್ಕಣೆ ಮಿಷನ್ನು, ಟಿಲ್ಲರು, ಪಂಪ್‌ಸೆಟ್ಟು, ಕುಡುಗೋಲು, ಮಚ್ಚು, ಎಲ್ಲವೂ ಇವೆ. ಕಾರ್ಖಾನೆಗಿಂತ ನಮ್ಮದೇನು ಕಮ್ಮಿ ಅಪಾಯದ ಜಾಗವೇ? ಆದರೂ ಕೈ ಕೊಯ್ದುಕೊಂಡವನಿಗೆ ಕಟ್ಟಲು ನಾವು ಹುಡುಕುವುದು ಹಳೇ ಪಂಚೆಯ ಚೂರು, ಹಚ್ಚಲು ಕಾಫಿಪುಡಿ.

ಬೆಳೆದ ಮನುಷ್ಯನ ಮೈಯಲ್ಲಿರುವ ರಕ್ತ ಸುಮಾರು 5 ಲೀಟರು. ಒಳ್ಳೆಯ ಹಸು ಒಂದು ಹೊತ್ತಿಗೆ ಕೊಡುವ ಹಾಲಿನಷ್ಟೂ ಇಲ್ಲ. ದೊಡ್ಡ ರಕ್ತನಾಳ ಕಡಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. 2008ರ ನವೆಂಬರ್ 1ರಿಂದ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಇದೆ, ದೊಡ್ಡ ಉಪಕಾರ. ಆದರೆ ಅದು ರಸ್ತೆಯ ಮೇಲೆ ಬರಬೇಕು. ಅದು ಬಂದು ಮುಟ್ಟುವವರೆಗಿನ ಹೊತ್ತು ಪಕ್ಕದ ಮನೆಯವರ ಕೈಯಲ್ಲೇ ಇರುತ್ತದೆ. ಆ ಹೊತ್ತಿಗಾಗಿಯೇ ಈ ಪೆಟ್ಟಿಗೆ.

ಪೆಟ್ಟಿಗೆಯಲ್ಲಿ ಏನಿರಬೇಕು? ಔಷಧಿ ಅಂಗಡಿಯವರು ಕೊಟ್ಟದ್ದನ್ನೆಲ್ಲ ತುಂಬುವುದಲ್ಲ. ನಮ್ಮೂರಲ್ಲಿ ಆಗುವ ಅಪಘಾತಗಳನ್ನು ಮೊದಲು ಲೆಕ್ಕ ಹಾಕಿ, ಅದಕ್ಕೆ ಬೇಕಾದ್ದನ್ನು ಇಡಬೇಕು.

ಮೊದಲನೆಯದು ರಕ್ತ ನಿಲ್ಲಿಸುವ ಸಾಮಾನು. ಶುದ್ಧ ಮಾಡಿ ಪ್ಯಾಕ್ ಮಾಡಿದ ಗಾಜ್ ಬಟ್ಟೆ 20, 4 ಅಂಗುಲದ ರೋಲರ್ ಬ್ಯಾಂಡೇಜ್ 4, 6 ಅಂಗುಲದ್ದು 2, ಅಂಟುವ ಪಟ್ಟಿ ಒಂದು ಸುರುಳಿ, ರಬ್ಬರ್ ಕೈಗವಸು 4 ಜೊತೆ, ತುದಿ ಮೊಂಡಾದ ಕತ್ತರಿ ಒಂದು. ರಕ್ತ ಹರಿಯುತ್ತಿದ್ದರೆ ಗಾಯದ ಮೇಲೆ ಗಾಜ್ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ. 10 ನಿಮಿಷ ಕೈ ತೆಗೆಯಬೇಡಿ, ನಿಂತಿತಾ ಅಂತ ಎತ್ತಿ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದಿಟ್ಟು ಇನ್ನೂ ಗಟ್ಟಿಯಾಗಿ ಒತ್ತಿ.

ಎಷ್ಟು ಒತ್ತಿದರೂ ಕೈ ಅಥವಾ ಕಾಲಿನ ರಕ್ತ ನಿಲ್ಲದೆ ಚಿಮ್ಮುತ್ತಿದ್ದರೆ ಮಾತ್ರ ಬಿಗಿಪಟ್ಟಿ ಕಟ್ಟಬೇಕು. 2 ಅಂಗುಲಕ್ಕಿಂತ ಅಗಲದ ಗಟ್ಟಿ ಬಟ್ಟೆಯನ್ನು ಗಾಯಕ್ಕಿಂತ 2-3 ಅಂಗುಲ ಮೇಲೆ, ಕೀಲು ಬಿಟ್ಟು ಕಟ್ಟಿ, ಗಂಟಿಗೆ ಕೋಲು ಸಿಕ್ಕಿಸಿ, ರಕ್ತ ನಿಲ್ಲುವ ತನಕ ತಿರುಚಿ, ಕೋಲು ಸಡಿಲವಾಗದಂತೆ ಕಟ್ಟಿ. ಕಟ್ಟಿದ ಗಂಟೆಯನ್ನು ಚೀಟಿಯಲ್ಲಿ ಬರೆದು ಕಳಿಸಿ. ಆಸ್ಪತ್ರೆ ಸೇರುವವರೆಗೆ ಬಿಚ್ಚಬೇಡಿ. ದಾರ, ತಂತಿ ಬೇಡ, ಅವು ಮಾಂಸವನ್ನೇ ಕೊಯ್ಯುತ್ತವೆ. ಬೆರಳು ತುಂಡಾಗಿ ಬಿದ್ದಿದ್ದರೆ ಎಸೆಯಬೇಡಿ. ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಟ್ಟು ಗಾಯಾಳುವಿನ ಜೊತೆಗೇ ಕಳಿಸಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು.

ಎರಡನೆಯದು ಮೂಳೆ ಮುರಿತ. ತೆಂಗಿನ ಮರ, ಹುಣಸೆ ಮರದಿಂದ ಬಿದ್ದವರಿಗೆ ಇದು ಬೇಕು. ಒಂದು ಮೀಟರ್ ಚೌಕದ ಹತ್ತಿ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ 2 ತ್ರಿಕೋನ ಬ್ಯಾಂಡೇಜ್ ಆಗುತ್ತದೆ, ಕೈಯನ್ನು ಕೊರಳಿಗೆ ತೂಗುಹಾಕಲು ಅದೇ ಸಾಕು. ನುಣ್ಣಗೆ ಹೆರೆದ ಬಿದಿರಿನ ದಬ್ಬೆ ಉದ್ದದ್ದು 2, ಗಿಡ್ಡದ್ದು 2 ಇಡಿ. ಮುರಿದದ್ದನ್ನು ಎಳೆದು ಕೂರಿಸಲು ಹೋಗಬೇಡಿ, ಇದ್ದ ಹಾಗೇ ಅಲುಗದಂತೆ ಕಟ್ಟಿ. ಮರದಿಂದ ಬಿದ್ದು ಬೆನ್ನು, ಕತ್ತು ನೋವು ಎನ್ನುವವರನ್ನು ಎಬ್ಬಿಸಿ ಕೂರಿಸಬೇಡಿ. ಬೈಕಿನ ಮಧ್ಯೆ ಕೂರಿಸಿಕೊಂಡು ಹೋಗುವುದಂತೂ ಬೇಡವೇ ಬೇಡ.

ಮೂರನೆಯದು ಸುಟ್ಟ ಗಾಯ, ವಿಷ ಮತ್ತು ಕಡಿತ. ಇದಕ್ಕೆ ಸಾಬೂನು, ಶುದ್ಧ ನೀರಿನ ಬಾಟಲಿ, ಪೊವಿಡೋನ್ ಅಯೋಡಿನ್ ದ್ರಾವಣ, ಓ.ಆರ್.ಎಸ್. ಪೊಟ್ಟಣ 5 ಇರಲಿ. ಸುಟ್ಟ ಜಾಗವನ್ನು 20 ನಿಮಿಷ ತಣ್ಣೀರಿನ ಧಾರೆಗೆ ಹಿಡಿಯಿರಿ. ಶಾಯಿ, ಟೂತ್‌ಪೇಸ್ಟು, ಬೆಣ್ಣೆ ಹಚ್ಚಬೇಡಿ. ನಾಯಿ ಕಚ್ಚಿದರೆ ಸಾಬೂನು ಹಾಕಿ 15 ನಿಮಿಷ ನೀರಿನಲ್ಲಿ ತೊಳೆದು ಅದೇ ದಿನ ಲಸಿಕೆಗೆ ಹೋಗಿ. ಕೀಟನಾಶಕ ಕಣ್ಣಿಗೆ ಬಿದ್ದರೂ 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಬರೀ ನೀರಿನಲ್ಲಿ ತೊಳೆಯಬೇಕು. ವಿಷ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬದ ಸಮೇತ ಆಸ್ಪತ್ರೆಗೆ ಒಯ್ಯಿರಿ. ಹೆಸರು ಗೊತ್ತಾದರೆ ಡಾಕ್ಟರಿಗೆ ಅರ್ಧ ದಾರಿ ಸಿಕ್ಕಿದಂತೆ.

ಹಾವಿನ ವಿಚಾರ ಬೇರೆಯಾಗಿಯೇ ಹೇಳಬೇಕು. ಈಗತಾನೆ ಹೇಳಿದ ಬಿಗಿಪಟ್ಟಿ ಹಾವು ಕಡಿದವರಿಗೆ ಅಲ್ಲ. ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆದು, ಕಡಿದ ಕೈಯೋ ಕಾಲೋ ಅಲುಗದಂತೆ ದಬ್ಬೆ ಇಟ್ಟು, ಧೈರ್ಯ ಹೇಳಿ, ನಡೆಸದೆ ಕರೆದೊಯ್ಯಿರಿ. ನಮ್ಮ ದೇಶದ ಹಾವಿನ ವಿಷದ ಇಂಜೆಕ್ಷನ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ. ಆದ್ದರಿಂದ ಹಾವನ್ನು ಹುಡುಕಿ ಹೊಡೆಯುತ್ತಾ ಹೊತ್ತು ಕಳೆಯಬೇಡಿ. ಹೊರಡುವಾಗಲೇ ಆಸ್ಪತ್ರೆಗೆ ಫೋನ್ ಮಾಡಿ, ಇಂಜೆಕ್ಷನ್ ಇದೆಯಾ ಅಂತ ಕೇಳಿಕೊಳ್ಳಿ.

ಇದಿಷ್ಟರ ಜೊತೆಗೆ ಒಂದು ಟಾರ್ಚು, ಪೆನ್ನು, ಚೀಟಿ. ಮುಚ್ಚಳದ ಒಳಗೆ 108, ಹತ್ತಿರದ ಆಸ್ಪತ್ರೆ, ಊರಿನ ಕಾರು-ಜೀಪಿನವರ ಮತ್ತು ಲೈನ್‌ಮ್ಯಾನ್ ನಂಬರು ದಪ್ಪಕ್ಷರದಲ್ಲಿ ಅಂಟಿಸಿರಬೇಕು. ಕರೆಂಟು ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಆಫ್ ಆಗಬೇಕು, ಲೈನ್ ತಂತಿಯಾದರೆ ಲೈನ್‌ಮ್ಯಾನೇ ಆಫ್ ಮಾಡಿಸಬೇಕು, ನೆನಪಿರಲಿ. ಪೆಟ್ಟಿಗೆಯಲ್ಲಿ ಇಂಜೆಕ್ಷನ್, ಆಂಟಿಬಯೋಟಿಕ್ ಮಾತ್ರೆ ಇಡುವುದು ಬೇಡ. ನಾವು ಡಾಕ್ಟರಲ್ಲ, ಡಾಕ್ಟರ ತನಕ ಜೀವ ಮುಟ್ಟಿಸುವವರು.

ಇನ್ನೊಂದು ಭಯ ನಮ್ಮಲ್ಲಿದೆ. ರಸ್ತೆಯಲ್ಲಿ ಬಿದ್ದವರನ್ನು ಎತ್ತಿದರೆ ಕೇಸು, ಕೋರ್ಟು ಸುತ್ತಿಕೊಳ್ಳುತ್ತೆ ಅಂತ. ಪೊಲೀಸ್ ಕಾಗದಪತ್ರಕ್ಕೆ ಕಾಯದೆ ಗಾಯಾಳುವಿಗೆ ಚಿಕಿತ್ಸೆ ಕೊಡಬೇಕೆಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134-ಎ ಕಲಮು, ರಸ್ತೆ ಅಪಘಾತದಲ್ಲಿ ಸದುದ್ದೇಶದಿಂದ ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿದೆ. ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಬಲವಂತ ಮಾಡುವಂತಿಲ್ಲ. ಹೆದರಿ ದೂರ ನಿಲ್ಲಬೇಡಿ ಅಣ್ಣಂದಿರೇ. ಇಂದು ಅವರ ಮಗ, ನಾಳೆ ನಮ್ಮ ಮಗ.

ಕಡೆಯದಾಗಿ ಪೆಟ್ಟಿಗೆಯ ಜೋಪಾನ. ಪೆಟ್ಟಿಗೆ ಕೊಳ್ಳುವುದು ಒಂದು ದಿನದ ಕೆಲಸ, ಅದನ್ನು ಪೆಟ್ಟಿಗೆಯಾಗಿ ಉಳಿಸುವುದೇ ಕಷ್ಟ. ಉದ್ಘಾಟನೆಯಾಗಿ, ಫೋಟೋ ತೆಗೆಸಿ, ಬೀರುವಿನಲ್ಲಿ ಬೀಗ ಹಾಕಿ, ಬೀಗದಕೈ ಇರುವವರು ಮದುವೆಗೆ ಹೋಗಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಅದಕ್ಕೆ ನಾವು ಸಭೆಯ ಮುಂದೆ ನಾಲ್ಕು ಮಾತು ಇಡುತ್ತೇವೆ. ಪೆಟ್ಟಿಗೆ ಡೇರಿಯ ಹೊರಗೋಡೆಯಲ್ಲಿ, ಮಳೆ ಬಿಸಿಲು ತಾಗದ ಕಡೆ, ಬೀಗವಿಲ್ಲದೆ ಇರಲಿ. ಒಂದು ಗಾಜ್ ತೆಗೆದರೂ ಚೀಟಿಯಲ್ಲಿ ಬರೆದಿಡಲಿ, ವಾರದೊಳಗೆ ಸಂಘ ಅದನ್ನು ತುಂಬಿಡಲಿ. ಪ್ರತಿ ತಿಂಗಳ 1ನೇ ತಾರೀಖು ಹಾಲಿನ ಲೆಕ್ಕದ ಜೊತೆಗೆ ಪೆಟ್ಟಿಗೆಯ ಲೆಕ್ಕವನ್ನೂ ನೋಡಿ, ಅವಧಿ ಮುಗಿದದ್ದನ್ನು ಬದಲಿಸಲಿ. ಬೀದಿಗೆ ಇಬ್ಬರಂತೆ, ಅದರಲ್ಲಿ ಒಬ್ಬರು ಹೆಂಗಸರೇ ಆಗಿ, ಒತ್ತುವುದು, ಕಟ್ಟುವುದು ಕೈಯಿಂದ ಮಾಡಿ ಕಲಿಯಲಿ. ಹಗಲು ಹೊತ್ತು ಊರಲ್ಲಿ, ಕೊಟ್ಟಿಗೆಯಲ್ಲಿ ಇರುವವರು ಅವರೇ ತಾನೇ?

ಷೇರು ಕಟ್ಟಿದವರು, ಕಟ್ಟದವರು ಎಂಬ ಭೇದ ಈ ಪೆಟ್ಟಿಗೆಗೆ ಬೇಡ. ಯಾರ ಕೈಯಿಂದ ರಕ್ತ ಸೋರುತ್ತಿದೆಯೋ ಅವರದೇ ಪೆಟ್ಟಿಗೆ. ಸಭೆ ಒಪ್ಪಿದರೆ ಇಂದೇ ನಡವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕೋಣ, ಬರುವ ಸೋಮವಾರ ಸಾಮಾನು ತರೋಣ. ಒಕ್ಕಣೆ ಹತ್ತಿರ ಬಂತು, ತಡ ಮಾಡುವುದು ಬೇಡ.