ಜ್ವರದ ಜೊತೆಗೆ ಕೇಳಬೇಕಾದ ಪ್ರಶ್ನೆ



1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಯನ್ನು ಗುರುತಿಸಲು ಕಲಿಸಿದರು. ಮನೋವೈದ್ಯರಿಲ್ಲದ ಊರಿನಲ್ಲೂ ಕಾಯಿಲೆಯವರನ್ನು ಪತ್ತೆ ಹಚ್ಚಬಹುದು, ಹತ್ತಿರದಲ್ಲೇ ಔಷಧ ಕೊಡಬಹುದು ಎಂಬುದು ಅದರಿಂದ ಖಚಿತವಾಯಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಮನಸ್ಸಿನ ಸಂಕಟ ಮೊದಲು ಕಾಣುವುದು ದಿನಾ ನೋಡುವವರ ಕಣ್ಣಿಗೆ. ಆ ಕೆಲಸದ ಬುಡದಲ್ಲಿದ್ದ ತಿಳಿವಳಿಕೆ ಇದೇ. ಇವತ್ತಿನ ನನ್ನ ಮಾತೂ ಅಲ್ಲಿಂದಲೇ ಹೊರಡುತ್ತದೆ.

ಪಕ್ಕದ ಮನೆಯಾಕೆ, ಬೆಳಿಗ್ಗೆ ಹಾಲು ಹಾಕುವವರು, ಸಂಘದ ಸಭೆಗೆ ಬರುವ ಹೆಂಗಸರು, ಕಟ್ಟೆಯ ಮೇಲೆ ಕೂರುವ ಗೆಳೆಯರು, ಶಾಲೆಯ ಮೇಷ್ಟರು: ಇವರಲ್ಲಿ ಯಾರಿಗಾದರೂ ಒಂದು ದಿನ 'ಯಾಕೋ ಇವರು ಮೊದಲಿನ ಹಾಗಿಲ್ಲ' ಅನ್ನಿಸುತ್ತದೆ. ಕೋವಿಡ್ ಬಂದಾಗ ಹೀಗೆ ಗಮನಿಸುವುದಕ್ಕೇ ತಡೆ ಬಿತ್ತು. 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ದೇಶದ ಮೊದಲ ಕೋವಿಡ್ ಸಾವು ಅದು. ಅದೇ ತಿಂಗಳ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಸೋಂಕು ತಡೆಯಲು ಅದು ಬೇಕಾಗಿತ್ತು. ಆದರೆ ಒಬ್ಬರನ್ನೊಬ್ಬರು ಗಮನಿಸುವ ಆ ಕಣ್ಣುಗಳೂ ಅದೇ ದಿನ ಮುಚ್ಚಿದವು. ಜೊತೆಗೆ ಎಲ್ಲರ ದಿನಚರಿಯೂ ಕಲಸಿಹೋಯಿತು. ಎಲ್ಲರಿಗೂ ನಿದ್ದೆ ತಪ್ಪಿದೆ, ಎಲ್ಲರಿಗೂ ಭಯ, ಎಲ್ಲರೂ ಸಿಡಿಮಿಡಿ ಅನ್ನುತ್ತಿದ್ದಾರೆ ಅಂದಮೇಲೆ ಅವರೊಳಗೆ ನಿಜವಾಗಿ ಕುಸಿಯುತ್ತಿರುವವರು ಯಾರೆಂದು ತಿಳಿಯುವುದು ಹೇಗೆ? ಮಹಾಮಾರಿಯ ಕಾಲದ ಅತಿ ಕಠಿಣ ಪ್ರಶ್ನೆ ಇದೇ ಎಂದು ನಾನು ತಿಳಿದಿದ್ದೇನೆ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಕಂಡಿರಲಿಲ್ಲ. ಇದು ಕೋವಿಡ್‌ಗೆ ಮೊದಲಿನ ಮಾತು. ಮಹಾಮಾರಿಯ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇ 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು.

ಭಯವಾಗುವುದು ರೋಗವಲ್ಲ. ಸುದ್ದಿ ನೋಡಿ ರಾತ್ರಿ ನಿದ್ದೆ ಬಾರದವರು ಮಾರನೆಯ ದಿನ ಮೊಮ್ಮಗುವಿನ ಆಟಕ್ಕೆ ನಗುತ್ತಾರಾದರೆ ಅವರ ಮನಸ್ಸು ಚೇತರಿಸಿಕೊಳ್ಳುತ್ತಿದೆ ಎಂದೇ ಅರ್ಥ. ನಗುವಂಥ ಸಂದರ್ಭದಲ್ಲೂ ನಗು ಬಾರದೆ, ಇಷ್ಟದ ಅಡುಗೆಯೂ ಸೇರದೆ, ಸ್ನಾನವೇ ದೊಡ್ಡ ಕೆಲಸವಾಗಿ, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ಕಣ್ಣು ಹತ್ತದೆ, ಹೀಗೇ ಎರಡು ವಾರ ಕಳೆದರೆ ಅದು ಕಾಲದ ಪ್ರಭಾವವಷ್ಟೇ ಎಂದು ಸುಮ್ಮನಿರಬಾರದು. ಊರಿನವರ ಜೊತೆ ಹೋಲಿಸಬೇಡಿ. ಆ ವ್ಯಕ್ತಿಯನ್ನು ಅವರದೇ ಹಿಂದಿನ ದಿನಗಳ ಜೊತೆ ಹೋಲಿಸಿ ನೋಡಿ.

ನಮ್ಮ ಜನ 'ನನಗೆ ಖಿನ್ನತೆ' ಎಂದು ಹೇಳಿಕೊಂಡು ಬರುವುದು ಅಪರೂಪ. ಎದೆ ಡವಡವ ಅಂತದೆ, ತಲೆ ಭಾರ, ಕೈಕಾಲಲ್ಲಿ ಶಕ್ತಿ ಇಲ್ಲ, ಹೊಟ್ಟೆಯಲ್ಲಿ ಸಂಕಟ ಎನ್ನುತ್ತಾರೆ. ಬೇರೆ ಕಾಲದಲ್ಲಿ ಇವನ್ನು ಕೇಳಿ ಅನುಭವಿ ವೈದ್ಯರು ಮನಸ್ಸಿನ ಕಡೆಗೂ ಒಂದು ಪ್ರಶ್ನೆ ಹಾಕುತ್ತಿದ್ದರು. ಕೋವಿಡ್ ಬಂದ ಮೇಲೆ ಆಯಾಸವೂ ಉಸಿರು ಕಟ್ಟುವುದೂ ಸೋಂಕಿನ ಲಕ್ಷಣಗಳಾದವು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆ ಮನೆಗೆ ಬಂತು. ಅದು ಜೀವ ಉಳಿಸಿದ ಸಾಧನ, ಏಕೆಂದರೆ ಉಸಿರಾಟದ ಕಷ್ಟವೇ ಗೊತ್ತಾಗದೆ ಆಮ್ಲಜನಕ ಇಳಿದುಹೋದ ರೋಗಿಗಳಿದ್ದರು. ಆದರೆ 98 ತೋರಿಸಿದ ಮೇಲೂ ಐದೈದು ನಿಮಿಷಕ್ಕೆ ಬೆರಳು ಇಟ್ಟು ನೋಡುವುದು, ನಡುರಾತ್ರಿ ಎದ್ದು ನೋಡುವುದು, ಕೈ ತೊಳೆದು ತೊಳೆದು ಚರ್ಮ ಬಿರಿಯುವುದು ತೀವ್ರ ಆತಂಕದ ಗುರುತುಗಳು. ಏಕಾಏಕಿ ಉಸಿರು ಕಟ್ಟಿ, ಬೆವರಿ, ಬೆರಳ ತುದಿ ಜೋಮು ಹಿಡಿದು, ಈಗಲೇ ಸಾಯುತ್ತೇನೆ ಅನ್ನಿಸಿ, ಹತ್ತು ನಿಮಿಷದೊಳಗೆ ತಾರಕಕ್ಕೇರಿ ಆಮೇಲೆ ಇಳಿದುಬಿಡುವುದು ಗಾಬರಿಯ ದಾಳಿ. ಒಂದು ಎಚ್ಚರಿಕೆ ಹೇಳಲೇಬೇಕು: ದೇಹವನ್ನು ಪರೀಕ್ಷಿಸದೆ 'ಎಲ್ಲಾ ನಿಮ್ಮ ಮನಸ್ಸಿನದು' ಎನ್ನುವ ಹಕ್ಕು ಯಾವ ವೈದ್ಯನಿಗೂ ಇಲ್ಲ.

ಲಾಕ್‌ಡೌನ್ ಶುರುವಾದಾಗ ಮುಚ್ಚಿದ ಮದ್ಯದಂಗಡಿಗಳು ನಮ್ಮ ರಾಜ್ಯದಲ್ಲಿ ಮೇ 4ಕ್ಕೆ ತೆರೆದವು. ಆ ನಡುವೆ ವರ್ಷಗಟ್ಟಲೆ ದಿನಾ ಕುಡಿದವರ ದೇಹಕ್ಕೆ ಏಕಾಏಕಿ ಮದ್ಯ ತಪ್ಪಿತು. ಇಂಥವರಿಗೆ ಮೊದಲ ದಿನವೇ ಕೈ ನಡುಗುತ್ತದೆ, ಬೆವರು ಸುರಿಯುತ್ತದೆ. ಎರಡು ಮೂರು ದಿನದಲ್ಲಿ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಹೊತ್ತುಗೊತ್ತು ತಿಳಿಯುವುದಿಲ್ಲ, ಫಿಟ್ಸ್ ಬರುತ್ತದೆ. ಮನೆಯವರು ಗಾಳಿ ಸೋಕಿದೆ ಅಂದುಕೊಳ್ಳುತ್ತಾರೆ, ಇಲ್ಲವೇ 'ಕುಡಿಯೋಕೆ ಸಿಗಲಿಲ್ಲ ಅಂತ ನಾಟಕ' ಎನ್ನುತ್ತಾರೆ. ಇದು ಪ್ರಾಣಾಪಾಯದ ಸ್ಥಿತಿ. ಆ ಹೊತ್ತಿನಲ್ಲೇ ಆಸ್ಪತ್ರೆಗೆ ಕರೆದೊಯ್ದರೆ ಬದುಕಿಸಬಹುದು.

ಮಕ್ಕಳ ವಿಷಯ ಚುಟುಕಾಗಿ ಹೇಳುತ್ತೇನೆ. ಅವರು ಬಾಯಿಬಿಟ್ಟು ಹೇಳುವುದಿಲ್ಲ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುತ್ತದೆ, ಅಮ್ಮನ ಸೆರಗು ಬಿಡುವುದಿಲ್ಲ, ಕಾರಣವಿಲ್ಲದೆ ಹೊಟ್ಟೆನೋವು ಬರುತ್ತದೆ.

ಇನ್ನು ಸಾವಿನ ದುಃಖ. ಮುಖ ನೋಡಲಾಗಲಿಲ್ಲ, ಹೆಗಲು ಕೊಡಲಾಗಲಿಲ್ಲ, ಮಣ್ಣು ಹಾಕಲಾಗಲಿಲ್ಲ, ಹನ್ನೊಂದನೇ ದಿನಕ್ಕೆ ನೆಂಟರು ಸೇರಲಿಲ್ಲ. ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಒಯ್ಯದೆ ಉಳಿದಿದ್ದ ನೂರಾರು ಜನರ ಅಸ್ಥಿಯನ್ನು 2021ರ ಜೂನ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಸರ್ಕಾರವೇ ಕಾವೇರಿಯಲ್ಲಿ ಬಿಡಬೇಕಾಯಿತು. ಬಂಧುಗಳನ್ನು ದೂಷಿಸುವುದು ಸುಲಭ. ಅವರಲ್ಲಿ ಎಷ್ಟೋ ಜನ ತಾವೇ ಸೋಂಕಿನಿಂದ ಮಲಗಿದ್ದರು, ಹೆದರಿದ್ದರು, ಕೈಯಲ್ಲಿ ಕಾಸಿಲ್ಲದೆ ಊರು ಸೇರಿದ್ದರು. ಇಂಥ ದುಃಖದಲ್ಲಿ ಅಳುವಿಗಿಂತ ಹೆಚ್ಚಾಗಿ ಕಾಣುವುದು ತಪ್ಪಿತಸ್ಥ ಭಾವ. 'ಸೋಂಕು ಮನೆಗೆ ತಂದವನು ನಾನೇ', 'ಆ ಆಸ್ಪತ್ರೆಗೆ ಸೇರಿಸಿದ್ದು ನಾನೇ', 'ನನ್ನ ಬದಲು ಅವರು ಉಳೀಬೇಕಿತ್ತು'. ಮನೆಯವರು ಇದನ್ನು ಒಳ್ಳೆಯ ಮಗನ ಲಕ್ಷಣ ಎಂದು ಮೆಚ್ಚಿ ಸುಮ್ಮನಾಗುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದ, ಎಲ್ಲಕ್ಕಿಂತ ಕಡಿಮೆ ಗಮನಿಸಿದ ಗುರುತು ಇದು. ಆರು ತಿಂಗಳು, ವರ್ಷ ಕಳೆದರೂ ಆ ಮಾತು ಸಡಿಲವಾಗದಿದ್ದರೆ ವೈದ್ಯರ ನೆರವು ಬೇಕು. ಎರಡನೇ ಅಲೆಯ ತಿಂಗಳುಗಳಾದ ಏಪ್ರಿಲ್, ಮೇ ಬಂತೆಂದರೆ ಮೈ ಹುಷಾರು ತಪ್ಪುವವರನ್ನು ವೈದ್ಯರು ಇವತ್ತಿಗೂ ಕೇಳಬೇಕು: 2021ರಲ್ಲಿ ಮನೆಯಲ್ಲಿ ಯಾರನ್ನಾದರೂ ಕಳಕೊಂಡಿರಾ?

ತಪ್ಪಿತಸ್ಥ ಭಾವದ ಜೊತೆಗೆ 'ನಾನಿದ್ದು ಯಾರಿಗೇನು ಉಪಯೋಗ' ಎಂಬ ಮಾತು ಸೇರಿದರೆ, ಇದ್ದಕ್ಕಿದ್ದಂತೆ ಸಾಲ ತೀರಿಸುವುದು, ಪ್ರೀತಿಯ ವಸ್ತುಗಳನ್ನು ಹಂಚುವುದು ಕಂಡರೆ, ಕೂರಿಸಿಕೊಂಡು ನೇರವಾಗಿ ಕೇಳಿ: 'ಅಣ್ಣ, ಸಾಯಬೇಕು ಅನ್ನಿಸ್ತಾ ಇದೆಯಾ?' ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಬೇಡ. ಕೇಳಿದ್ದರಿಂದ ಅಪಾಯ ಹೆಚ್ಚುವುದಿಲ್ಲ, ಎಷ್ಟೋ ಜನರಿಗೆ ಎದೆ ಹಗುರಾಗುತ್ತದೆ. ಅವರನ್ನು ಒಂಟಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧವನ್ನು ಮನೆಯಿಂದ ದೂರ, ಬೀಗದೊಳಗೆ ಇಡಿಸಿ. ಪೊಲೀಸು ಕೇಸಿನ ಭಯಕ್ಕೆ ವಿಷಯ ಮುಚ್ಚಿಡುವವರಿದ್ದಾರೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಶಿಕ್ಷೆಯ ಬದಲು ಆರೈಕೆ ಕೊಡಬೇಕೆಂದು ಹೇಳುತ್ತದೆ.

ನೆರವು ದೂರವಾಣಿಯಲ್ಲೂ ಸಿಗುತ್ತದೆ. 1898ರ ಪ್ಲೇಗಿನ ಕಾಲದಲ್ಲಿ ಬೆಂಗಳೂರಿನಲ್ಲಿ ದೂರವಾಣಿ ತಂತಿ ಎಳೆದದ್ದು ರೋಗ ತಡೆಯುವ ಕೆಲಸಗಳನ್ನು ಹೊಂದಿಸಿಕೊಳ್ಳಲು. 2020ರಲ್ಲಿ ನಿಮ್ಹಾನ್ಸ್ ಅದೇ ದೂರವಾಣಿಯ ಮೂಲಕ ಜನರ ಮನಸ್ಸಿನ ಮಾತು ಕೇಳಲು ಸಹಾಯವಾಣಿ ತೆರೆಯಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಸಹಾಯವಾಣಿ ಬಂತು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ತೊಂದರೆಯಲ್ಲಿರುವವರೇ ಕರೆ ಮಾಡಬೇಕೆಂದಿಲ್ಲ. ಅವರ ಬಗ್ಗೆ ಚಿಂತೆಪಡುವ ಮನೆಯವರೂ ಮಾಡಬಹುದು.

ನನ್ನದೊಂದು ಬೇಡಿಕೆಯಿದೆ, ಆರೋಗ್ಯ ಇಲಾಖೆಯವರು ಈ ಮಾತುಗಳನ್ನು ಓದಿದರೆ ಅವರಿಗೂ ಸಲ್ಲಲಿ. ಕೋವಿಡ್ ಕಾಲದಲ್ಲಿ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಜ್ವರ ಇದೆಯಾ, ಕೆಮ್ಮು ಇದೆಯಾ ಎಂದು ಕೇಳಿದರು. ಕೆಲವೆಡೆ ಅವರ ಮೇಲೆ ಹಲ್ಲೆಯೂ ಆಯಿತು. 2020ರ ಜುಲೈನಲ್ಲಿ ಗೌರವಧನಕ್ಕಾಗಿ ಅವರು ಮುಷ್ಕರ ಹೂಡಬೇಕಾಯಿತು. ಮುಂದಿನ ಸೋಂಕು ಬಂದಾಗ ಅವರ ಪಟ್ಟಿಯಲ್ಲಿ ಜ್ವರ, ಕೆಮ್ಮಿನ ಕೆಳಗೆ ಇನ್ನೊಂದು ಪ್ರಶ್ನೆ ಇರಬೇಕು: 'ಮನೆಯಲ್ಲಿ ಯಾರಾದರೂ ಮೊದಲಿನ ಹಾಗಿಲ್ಲ ಅನ್ನಿಸ್ತಾ ಇದೆಯಾ?' ಹೌದೆಂದವರ ಹೆಸರು ಅದೇ ವಾರ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಲುಪಬೇಕು. ಆಶಾ ಕಾರ್ಯಕರ್ತೆಯನ್ನೂ ಅದೇ ಪ್ರಶ್ನೆ ಕೇಳುವ ಒಬ್ಬರನ್ನು ಪ್ರತಿ ತಾಲ್ಲೂಕಿನಲ್ಲಿ ನೇಮಿಸಬೇಕು.