ಹಸಿರು ಕಂಡದ್ದೆಲ್ಲ ಕಾಡಲ್ಲ: ಯುವಜನರ ಕೈಯಲ್ಲಿ ಛಾಯಾಚಿತ್ರ

(ವಿದ್ಯಾರ್ಥಿಗಳ ಪರಿಸರ ಛಾಯಾಗ್ರಹಣ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಜಪಾನ್ ದೇಶದ ದಕ್ಷಿಣದಲ್ಲಿ ಕ್ಯೂಶು ಎಂಬ ದ್ವೀಪವಿದೆ. ಅದರ ಪಶ್ಚಿಮ ದಂಡೆಯ ಮೇಲಿರುವ ಊರು ಮಿನಮಾಟಾ. ಬೆನ್ನಿಗೆ ಗುಡ್ಡ, ಎದುರಿಗೆ ಶಾಂತವಾದ ಒಳಗಡಲು. ದಂಡೆಯ ಬಡವರಿಗೆ ಮೀನೇ ನಿತ್ಯದ ಊಟ. ಆ ಊರಿನಲ್ಲಿದ್ದ ಚಿಸ್ಸೋ ಕಂಪನಿಯ ರಾಸಾಯನಿಕ ಕಾರ್ಖಾನೆಯು 1932ರಿಂದ 1968ರವರೆಗೆ ಅಸಿಟಾಲ್ಡಿಹೈಡ್ ತಯಾರಿಕೆಯಲ್ಲಿ ಪಾದರಸವನ್ನು ಬಳಸಿತು. ಅದು ಮಿಥೈಲ್ ಪಾದರಸವೆಂಬ ಘೋರ ವಿಷವಾಗಿ ತ್ಯಾಜ್ಯ ನೀರಿನೊಡನೆ ಕಡಲಿಗಿಳಿಯಿತು, ಚಿಪ್ಪು ಮೀನುಗಳ ದೇಹವನ್ನು ಸೇರಿತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಆನಂತರ ಮನುಷ್ಯರ ಸರದಿ. ಕೈಕಾಲು ಸೊಟ್ಟಗಾಗಿ, ಮಾತು ತೊದಲಿ, ದೃಷ್ಟಿ ಕುಗ್ಗಿ ಜನರು ಹಾಸಿಗೆ ಹಿಡಿದರು. 1956ರ ಮೇ 1ರಂದು ಈ ವ್ಯಾಧಿ ಅಧಿಕೃತವಾಗಿ ವರದಿಯಾಯಿತು. ಅದಕ್ಕೆ ಕಾರ್ಖಾನೆಯ ವಿಷವೇ ಕಾರಣವೆಂದು ಅಲ್ಲಿನ ಸರ್ಕಾರವು ಒಪ್ಪಿಕೊಂಡದ್ದು 1968ರಲ್ಲಿ.

ಮಲೆನಾಡಿನ ವಿದ್ಯಾರ್ಥಿಗಳ ಮುಂದೆ ಛಾಯಾಗ್ರಹಣದ ಮಾತನ್ನು ಅಷ್ಟು ದೂರದ ಮಿನಮಾಟಾದಿಂದ ಆರಂಭಿಸುವುದಕ್ಕೆ ಕಾರಣವಿದೆ. ಆ ದಿನಗಳಲ್ಲಿ ಯಾರಾದರೂ ಕೊಲ್ಲಿಯ ನೀರಿನ ಚಿತ್ರವನ್ನು ತೆಗೆದಿದ್ದರೆ ಅದು ಪ್ರವಾಸೋದ್ಯಮದ ಕ್ಯಾಲೆಂಡರಿಗೆ ಒಪ್ಪುವಂತಿರುತ್ತಿತ್ತು. ವಿಷಕ್ಕೆ ಬಣ್ಣವಿರಲಿಲ್ಲ, ಅಲೆಯ ಮೇಲೆ ನೊರೆಯೂ ಇರಬೇಕಿರಲಿಲ್ಲ. ಸುಂದರವಾದ ಚಿತ್ರವೇ ಅಲ್ಲಿ ಸುಳ್ಳು ಸಾಕ್ಷಿಯಾಗಬಹುದಿತ್ತು.

1959ರ ಕೊನೆಯಲ್ಲಿ ಕಂಪನಿಯು ಸಂತ್ರಸ್ತರಿಗೆ ಸಹಾನುಭೂತಿಯ ಹಣವೆಂದು ಅಲ್ಪ ಮೊತ್ತವನ್ನು ಕೊಟ್ಟು, ಮುಂದೆ ಕಾರ್ಖಾನೆಯೇ ಕಾರಣವೆಂದು ಸಾಬೀತಾದರೂ ಹೆಚ್ಚಿನ ಪರಿಹಾರ ಕೇಳುವುದಿಲ್ಲವೆಂದು ಒಪ್ಪಂದಕ್ಕೆ ಸಹಿ ಪಡೆದುಕೊಂಡಿತು. ತ್ಯಾಜ್ಯ ನೀರಿನ ಶುದ್ಧೀಕರಣ ಘಟಕವೊಂದೂ ಆಗಲೇ ಸ್ಥಾಪಿತವಾಯಿತು. ಆದರೆ ಅದರಿಂದ ಪಾದರಸವು ನಿವಾರಣೆಯಾಗಲಿಲ್ಲ. ಪ್ರಕರಣ ಮುಗಿಯಿತೆಂದು ನಾಡು ನಂಬಿತು. ಜನರು ಮಾತ್ರ ಅದೇ ಮೀನನ್ನು ತಿನ್ನುತ್ತಿದ್ದರು.

ಹಾಗೆ ಎಲ್ಲರೂ ಮುಖ ತಿರುಗಿಸಿದ ಹೊತ್ತಿನಲ್ಲಿ, 1960ರಲ್ಲಿ, ಶಿಸೇಯಿ ಕುವಾಬಾರಾ ಎಂಬ ಯುವಕನು ಮಿನಮಾಟಾಕ್ಕೆ ಬಂದನು. ಅವನಿಗಿನ್ನೂ 25 ವರ್ಷ ತುಂಬಿರಲಿಲ್ಲ. ಆಗಷ್ಟೇ ವ್ಯಾಸಂಗ ಮುಗಿಸಿದ್ದ ಅವನಿಗೆ ಛಾಯಾಗ್ರಾಹಕನೆಂಬ ಹೆಸರೇನೂ ಇರಲಿಲ್ಲ. ವಾರಪತ್ರಿಕೆಯೊಂದರಲ್ಲಿ ಈ ವ್ಯಾಧಿಯ ಕುರಿತ ಲೇಖನವನ್ನು ಓದಿದ್ದೇ ಅವನ ಬರವಿಗೆ ಕಾರಣ. ಆಸ್ಪತ್ರೆಯ ಅನುಮತಿ ಪಡೆದು ರೋಗಿಗಳನ್ನು ಕಂಡನು, ಮೀನುಗಾರರ ಮನೆಗಳಿಗೆ ನಡೆದನು. 1962ರಲ್ಲಿ ಟೋಕಿಯೋದಲ್ಲಿ ಆ ಚಿತ್ರಗಳ ಪ್ರದರ್ಶನವಾಯಿತು. ಅದರಿಂದ ಕಾರ್ಖಾನೆಯ ಕೊಳವೆ ಮುಚ್ಚಲಿಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ಮುಗಿದ ಪ್ರಕರಣವೆಂಬ ಮಾತು ಸುಳ್ಳೆಂಬುದಕ್ಕೆ ದಿನಾಂಕಸಹಿತವಾದ ದಾಖಲೆಯೊಂದು ಉಳಿಯಿತು. ಕುವಾಬಾರಾ ಆ ಊರನ್ನು ಅಲ್ಲಿಗೇ ಬಿಡದೆ ದಶಕಗಳ ಕಾಲ ಮತ್ತೆ ಮತ್ತೆ ಹೋಗಿ ಚಿತ್ರ ತೆಗೆದರು.

1971ರಲ್ಲಿ ಅಮೆರಿಕದ ಪ್ರಸಿದ್ಧ ಛಾಯಾಗ್ರಾಹಕ ಯೂಜೀನ್ ಸ್ಮಿತ್ ಅಲ್ಲಿಗೆ ಬಂದರು. ಜಗತ್ತು ನೆನಪಿಟ್ಟುಕೊಂಡದ್ದು ಅವರ ಹೆಸರನ್ನೇ. ಆದರೆ ಅವರೊಡನೆ ಸಮಸಮವಾಗಿ ದುಡಿದ ಪತ್ನಿ ಐಲೀನ್ ಮಿಯೋಕೋ ಸ್ಮಿತ್‌ಗೆ ಆಗ 21 ವರ್ಷ. ಸಹಾಯಕನಾಗಿ ಸೇರಿದ ತಕೇಶಿ ಇಶಿಕಾವಾ ಕೂಡ ಹೆಚ್ಚುಕಡಿಮೆ ಅದೇ ವಯಸ್ಸಿನವನು. ಜಪಾನೀ ಭಾಷೆ ಸ್ಮಿತ್‌ರಿಗೆ ಬಾರದು. ಸಂತ್ರಸ್ತರ ಮನೆಯೊಳಗೆ ಮಾತು ನಡೆದದ್ದು ಐಲೀನ್ ಮೂಲಕ. ದಂಪತಿಗಳು ಬಂದು ಹೋಗುವ ಅತಿಥಿಗಳಾಗದೆ ಊರಿನಲ್ಲಿಯೇ ಮನೆ ಬಾಡಿಗೆಗೆ ಹಿಡಿದು ಮೂರು ವರ್ಷ ನೆಲೆಸಿದರು. 1972ರ ಜನವರಿಯಲ್ಲಿ ಕಂಪನಿಯ ಇನ್ನೊಂದು ಕಾರ್ಖಾನೆಗೆ ಸಂತ್ರಸ್ತರೊಡನೆ ಹೋದಾಗ ಅಲ್ಲಿನ ನೌಕರರು ಸ್ಮಿತ್‌ರನ್ನು ತೀವ್ರವಾಗಿ ಥಳಿಸಿದರು. ಅದೇ ವರ್ಷ ಜೂನ್‌ನಲ್ಲಿ ಲೈಫ್ ಪತ್ರಿಕೆಯಲ್ಲಿ ಚಿತ್ರಗಳು ಪ್ರಕಟವಾದವು. 1973ರ ಮಾರ್ಚ್ 20ರಂದು ಕುಮಾಮೋಟೋ ಜಿಲ್ಲಾ ನ್ಯಾಯಾಲಯವು ಕಂಪನಿಯೇ ಹೊಣೆಯೆಂದು ತೀರ್ಪಿತ್ತಿತು.

ಆ ತೀರ್ಪನ್ನು ಕ್ಯಾಮೆರಾ ಗೆದ್ದುಕೊಟ್ಟಿತೆಂದು ಹೇಳುವವರಿದ್ದಾರೆ. ಅದು ಅತಿಶಯೋಕ್ತಿ. ಕಂಪನಿಯ ಕಚೇರಿಯ ಮುಂದೆ ಧರಣಿ ಕುಳಿತ ಮೀನುಗಾರರು, ರೋಗಿಗಳ ಪರ ನಿಂತ ಮಸಾಝುಮಿ ಹರಾಡಾರಂಥ ವೈದ್ಯರು, ಸಂತ್ರಸ್ತರ ನೋವನ್ನು ಬರೆದ ಮಿಚಿಕೋ ಇಶಿಮುರೆಯವರಂಥ ಲೇಖಕಿ, ಇವರೆಲ್ಲರ ಶ್ರಮದ ನಡುವೆ ಛಾಯಾಚಿತ್ರವೂ ಒಂದು ಕೈ ಸೇರಿಸಿತು. ಹೋರಾಟವಿಲ್ಲದ ಊರಿನಲ್ಲಿ ಚಿತ್ರವು ಗೋಡೆಯ ಅಲಂಕಾರವಾಗುತ್ತದೆ, ಅಷ್ಟೆ.

ಇನ್ನೊಂದು ವಿಷಯವನ್ನು ಇಲ್ಲಿ ನಿಧಾನವಾಗಿ ಯೋಚಿಸಬೇಕು. ಸ್ಮಿತ್‌ರು ತೆಗೆದ ಚಿತ್ರಗಳಲ್ಲಿ ಅತಿ ಪ್ರಸಿದ್ಧವಾದುದು 1971ರ ಡಿಸೆಂಬರ್‌ನದು: ತಾಯಿಯ ಗರ್ಭದಲ್ಲಿದ್ದಾಗಲೇ ವಿಷಕ್ಕೆ ತುತ್ತಾದ ಮಗಳನ್ನು ತಾಯಿ ಸ್ನಾನದ ತೊಟ್ಟಿಯಲ್ಲಿ ಎತ್ತಿ ಹಿಡಿದಿರುವ ದೃಶ್ಯ. ತಂದೆತಾಯಿಗಳು ಒಪ್ಪಿಯೇ ಆ ಚಿತ್ರ ತೆಗೆಯಲಾಗಿತ್ತು. ಹುಡುಗಿ 1977ರಲ್ಲಿ ತೀರಿಕೊಂಡಳು. ಚಿತ್ರ ಮಾತ್ರ ದೇಶದೇಶಗಳಲ್ಲಿ ಸುತ್ತುತ್ತಲೇ ಇತ್ತು. ಮಗಳಿಗೆ ಇನ್ನಾದರೂ ವಿಶ್ರಾಂತಿ ಸಿಗಲೆಂದು ಹೆತ್ತವರು ಬಯಸಿದರು. 1998ರಲ್ಲಿ ಐಲೀನ್ ಆ ಚಿತ್ರದ ಕುರಿತ ನಿರ್ಧಾರವನ್ನು ಕುಟುಂಬಕ್ಕೇ ಒಪ್ಪಿಸಿದರು. ಸುಮಾರು ಇಪ್ಪತ್ತು ವರ್ಷ ಅದು ಹೊಸ ಪ್ರಕಟಣೆಗೆ ಹೋಗಲಿಲ್ಲ. 2020ರಲ್ಲಿ ಈ ಕಥೆಯನ್ನಾಧರಿಸಿದ ಚಲನಚಿತ್ರದ ನಿಮಿತ್ತ ಅದು ಮತ್ತೆ ಕಾಣಿಸಿಕೊಂಡಾಗ ಚರ್ಚೆಯೂ ಮರುಕಳಿಸಿತು. ಲೋಕಕ್ಕೆ ಅರಿವು ಮೂಡಿಸಿದ ಚಿತ್ರವೇ ಒಂದು ಮನೆಗೆ ಭಾರವಾಗಬಲ್ಲದು. ಒಮ್ಮೆ ಕೊಟ್ಟ ಒಪ್ಪಿಗೆಯು ಎಂದೆಂದಿಗೂ ಕೊಟ್ಟ ಒಪ್ಪಿಗೆಯೇ? ಈ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲ. ನೆರೆಯಲ್ಲಿ ಮನೆ ಕಳೆದುಕೊಂಡ ಅಜ್ಜಿಯ ಮುಂದೆ ಮೊಬೈಲ್ ಹಿಡಿದು ನಿಲ್ಲುವ ವಿದ್ಯಾರ್ಥಿಯು ಇದನ್ನು ಮರೆಯುವಂತಿಲ್ಲ.

ಕರ್ನಾಟಕದಲ್ಲಿಯೂ ದೃಶ್ಯವು ಸಾಕ್ಷ್ಯವಾದ ಉದಾಹರಣೆಯುಂಟು. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯುತ್ತಿದ್ದಾಗ, ಮಳೆಗಾಲದಲ್ಲಿ ಭದ್ರಾ ನದಿಯು ಹೊತ್ತೊಯ್ಯುತ್ತಿದ್ದ ಕೆಂಪು ಹೂಳನ್ನು ಪೇಟೆಯ ಜನರು ಕಂಡಿರಲಿಲ್ಲ. ಶೇಖರ್ ದತ್ತಾತ್ರಿಯವರ 2001ರ ಕಿರುಚಿತ್ರವು ಅದನ್ನು ಕಣ್ಣೆದುರು ತಂದಿತು. ಸಂರಕ್ಷಣಾವಾದಿಗಳು ಕಾನೂನು ಹೋರಾಟ ನಡೆಸಿದರು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶ ನೀಡಿ, 2005ರ ಅಂತ್ಯಕ್ಕೆ ಗಣಿಯು ನಿಂತಿತು.

ಆದರೆ ಹೂಳು ಕಣ್ಣಿಗೆ ಕಾಣುತ್ತದೆ. ಮಲೆನಾಡಿನ ಅನೇಕ ಗಾಯಗಳು ಮಿನಮಾಟಾದ ಕಡಲಿನಂತೆ ಸುಂದರವಾಗಿಯೇ ಕಾಣುತ್ತವೆ. ಆಸ್ಟ್ರೇಲಿಯಾ ಮೂಲದ ಅಕೇಶಿಯಾ ನೆಡುತೋಪಿನ ಚಿತ್ರವನ್ನು ಬೆಂಗಳೂರಿನಲ್ಲಿ ತೋರಿಸಿದರೆ ನೋಡಿದವರು ಎಂಥ ದಟ್ಟ ಕಾಡೆಂದು ಮೆಚ್ಚಿಕೊಳ್ಳುತ್ತಾರೆ. ಅದೇ ಹುಡುಗ ಬಗ್ಗಿ ನೆಲದ ಚಿತ್ರ ತೆಗೆದು, ಪಕ್ಕದ ಕಾನಿನ ನೆಲದ ಚಿತ್ರವನ್ನು ಜೊತೆಗಿಟ್ಟು, ಎರಡರ ಕೆಳಗೂ ಊರಿನ ಹೆಸರು, ದಿನಾಂಕ, ಅಲ್ಲಿ ಬೆಳೆದಿರುವ ಗಿಡಗಳ ಹೆಸರು ಬರೆದನೆಂದರೆ ಮಾತು ಬೇರೆಯಾಗುತ್ತದೆ. ಇಲ್ಲಿ ಚಿತ್ರದಷ್ಟೇ ಮುಖ್ಯವಾದದ್ದು ಅಡಿಬರಹ. ಗಿಡದ ಹೆಸರು ಹುಡುಗನಿಗೆ ತಿಳಿಯದಿದ್ದರೆ ದನ ಕಾಯುವವರನ್ನೋ ಹಳ್ಳಿಯ ನಾಟಿವೈದ್ಯರನ್ನೋ ಕೇಳಬೇಕು. ಹಾಗೆ ಕೇಳುವುದೇ ಅರ್ಧ ಶಿಕ್ಷಣ.

ಗುಡ್ಡ ಕುಸಿತದ ವಿಷಯವೂ ಹೀಗೆಯೇ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿದ ಮೇಲೆ ಬಂದ ಚಿತ್ರಗಳಿಗೆ ಲೆಕ್ಕವಿಲ್ಲ. ಕುಸಿಯುವ ಮುಂಚಿನ ಚಿತ್ರಗಳೆಷ್ಟು? ರಸ್ತೆಗಾಗಿ ನೇರವಾಗಿ ಕಡಿದ ದರೆ, ಮೇಲಿನ ನೆಲದಲ್ಲಿ ಮೂಡಿದ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಸರಾಗಿ ಬರುವ ಒರತೆಯ ನೀರು, ಇವುಗಳನ್ನು ಯಾರೂ ತೆಗೆಯುವುದಿಲ್ಲ. ತೆಗೆದರೂ ಯಾರಿಗೂ ಕಳಿಸುವಂಥ ಚಂದವೇನೂ ಅವುಗಳಲ್ಲಿಲ್ಲ. ಶಾಲೆಯ ಐದಾರು ಮಕ್ಕಳು ಊರಿನ ಒಂದು ದರೆಯನ್ನು ಆರಿಸಿಕೊಂಡು, ಸುರಕ್ಷಿತವಾದ ಒಂದೇ ಜಾಗದಲ್ಲಿ ನಿಂತು, ತಿಂಗಳಿಗೊಮ್ಮೆ ಚಿತ್ರ ತೆಗೆದಿಟ್ಟರೆ ಎರಡು ಮಳೆಗಾಲಗಳಲ್ಲಿ ಪಂಚಾಯಿತಿಯ ಮುಂದಿಡಬಹುದಾದ ದಾಖಲೆ ಸಿದ್ಧವಾಗುತ್ತದೆ. ಜೇಮ್ಸ್ ಬಾಲಾಗ್ ಎಂಬ ಅಮೆರಿಕದ ಛಾಯಾಗ್ರಾಹಕರು 2007ರಿಂದ ಹಿಮನದಿಗಳ ಎದುರು ಕ್ಯಾಮೆರಾಗಳನ್ನು ಸ್ಥಿರವಾಗಿ ನೆಟ್ಟು, ಅವು ಹಿಂದೆ ಸರಿಯುವುದನ್ನು ಜಗತ್ತಿಗೆ ತೋರಿಸಿದ್ದು ಇದೇ ವಿಧಾನದಿಂದ. ಇಲ್ಲಿ ದುಬಾರಿ ಯಂತ್ರ ಬೇಕಿಲ್ಲ; ನಿಲ್ಲುವ ಜಾಗಕ್ಕೊಂದು ಗುರುತಿನ ಕಲ್ಲು ಸಾಕು.

ಎಚ್ಚರದ ಮಾತುಗಳೂ ಕೆಲವಿವೆ. ಮೊಬೈಲ್‌ನಲ್ಲಿ ತೆಗೆದ ಚಿತ್ರದೊಳಗೆ ಸ್ಥಳದ ವಿವರವೂ ಅಡಗಿರಬಹುದು. ಚಿಪ್ಪುಹಂದಿಯ ಬಿಲ, ಅಪರೂಪದ ಸೀತಾಳೆ ದಂಡೆ, ಹದ್ದಿನ ಗೂಡು ಇವುಗಳ ಚಿತ್ರವನ್ನು ಆ ವಿವರ ತೆಗೆಯದೆ ಹಂಚಿದರೆ ಕಳ್ಳನಿಗೆ ದಾರಿ ತೋರಿಸಿದಂತಾಗುತ್ತದೆ. ಒಳ್ಳೆಯ ಚಿತ್ರಕ್ಕಾಗಿ ಗೂಡಿನ ಮರೆಯ ಎಲೆಗಳನ್ನು ಕೀಳುವವರು ಪರಿಸರ ಪ್ರೇಮಿಗಳೆಂಬ ಹೆಸರಿಗೆ ಅರ್ಹರಲ್ಲ. ಇಲ್ಲದ ದೃಶ್ಯವನ್ನು ಯಂತ್ರವೇ ಸೃಷ್ಟಿಸಿಕೊಡುವ ಈ ಕಾಲದಲ್ಲಿ ಮೂಲ ಕಡತವನ್ನು ತಿದ್ದದೆ ಕಾಪಾಡುವುದು ಅತ್ಯವಶ್ಯ. ಒಂದು ಚಿತ್ರ ಕೃತಕವೆಂದು ಸಾಬೀತಾದರೆ ಉಳಿದ ನೂರು ನಿಜ ಚಿತ್ರಗಳೂ ಬೆಲೆ ಕಳೆದುಕೊಳ್ಳುತ್ತವೆ. ಎದುರಾಳಿಗಳು ಕಾಯುವುದು ಅದಕ್ಕೇ.

ತೆಗೆದ ಚಿತ್ರಗಳು ಎಲ್ಲಿಗೆ ಹೋಗಬೇಕು? ಮೊದಲು ಚಿತ್ರದಲ್ಲಿರುವವರ ಮನೆಗೆ. ಬಳಿಕ ಶಾಲೆಯ ಜಗಲಿ, ಸಂತೆ, ಗ್ರಾಮಸಭೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಊರಿನ ಗಿಡಮರ, ಪ್ರಾಣಿಪಕ್ಷಿ, ತಳಿಗಳನ್ನು ದಾಖಲಿಸುವ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವ ಹೊಣೆ ಆ ಸಮಿತಿಯದು. ಆ ಪುಸ್ತಕ ಯಾರ ಕಪಾಟಿನಲ್ಲಿದೆ, ಅದರಲ್ಲಿ ತಮ್ಮೂರಿನ ಕಾನಿನ ಉಲ್ಲೇಖವಿದೆಯೇ ಎಂದು ವಿದ್ಯಾರ್ಥಿಗಳು ಪಂಚಾಯಿತಿ ಕಚೇರಿಗೆ ಹೋಗಿ ಕೇಳಬಹುದು. ಚಿತ್ರ, ದಿನಾಂಕ ಮತ್ತು ಹಿರಿಯರು ಹೇಳಿದ ಹೆಸರು, ಈ ಮೂರನ್ನೂ ಒಂದೇ ಹಾಳೆಯ ಮೇಲೆ ಸೇರಿಸಿ ಅರ್ಜಿಯೊಡನೆ ಕೊಟ್ಟು, ಸ್ವೀಕೃತಿ ಪಡೆದುಕೊಂಡು ಬರಲಿ.