ಶಂಬೂಕನ ಕಥೆ, ಓದುಗನ ಮುನಿಸು

ಜಯನಗರದ ಬಂಧುಗಳ ಮನೆಯಲ್ಲಿ ತರುಣನೊಬ್ಬ ಸಿಟ್ಟಾಗಿ ಕುಳಿತಿದ್ದ. 1996ರಲ್ಲಿ ಬಂದ ವಿಡಿಯೋ ಆಟದ ನಾಯಕಿ ಲಾರಾ ಕ್ರಾಫ್ಟ್ ಎಂಬವಳ ಪೂರ್ವವೃತ್ತಾಂತವನ್ನು 2013ರ ಆಟದಲ್ಲಿ ಹೊಸದಾಗಿ ಬರೆದರಂತೆ. "ಇವಳು ಅವಳೇ ಅಲ್ಲ" ಎಂಬುದು ಅವನ ದೂರು. ನನಗೆ ನಗು ಬರಲಿಲ್ಲ. ಗವಿಪುರದ ಮಾಸ್ತಿಯವರು ನೆನಪಾದರು.

1944ರಲ್ಲಿ ಕುವೆಂಪು 'ಶೂದ್ರ ತಪಸ್ವಿ' ನಾಟಕವನ್ನು ಪ್ರಕಟಿಸಿದರು. ಉತ್ತರಕಾಂಡದಲ್ಲಿ ಶಂಬೂಕನು ರಾಮನ ಖಡ್ಗಕ್ಕೆ ಬಲಿಯಾಗುತ್ತಾನೆ. ನಾಟಕದಲ್ಲಾದರೋ ರಾಮನ ಅಸ್ತ್ರವು ತಪಸ್ವಿಯನ್ನು ಬಿಟ್ಟು, ಅವನ ವಧೆಯನ್ನು ಬೇಡಿದ ಬ್ರಾಹ್ಮಣನನ್ನೇ ಅಟ್ಟುತ್ತದೆ. ಆತ ಶಂಬೂಕನಿಗೆ ತಲೆಬಾಗಿದ ಮೇಲೆಯೇ ಅದಕ್ಕೆ ಶಾಂತಿ. ಮಾಸ್ತಿಯವರು ಒಪ್ಪಲಿಲ್ಲ. ಹೊಸ ಭಾವನೆಗೆ ಹೊಸ ಕಥೆಯನ್ನೇ ಕಟ್ಟಬಹುದು, ಜನ ಪೂಜ್ಯವೆಂದು ಕಾಪಾಡಿಕೊಂಡು ಬಂದುದನ್ನೇಕೆ ತಿದ್ದಬೇಕು ಎಂಬ ಧಾಟಿ ಅವರದು. ಕುವೆಂಪು ಉತ್ತರ ಕೊಟ್ಟರು.

ಆ ಆಕ್ಷೇಪವನ್ನು ಸಂಪ್ರದಾಯದ ಮೊಂಡುತನವೆಂದು ತಳ್ಳಿಹಾಕುವುದು ಸುಲಭ. ಕಾಲೇಜಿನ ದಿನಗಳಲ್ಲಿ ನಾನೂ ಹಾಗೆಯೇ ಮಾಡಿದ್ದೆ. ಈಗ ಅದರಲ್ಲಿ ಓದುಗನ ನೋವೂ ಕೇಳಿಸುತ್ತದೆ. ಬಾಲ್ಯದಿಂದ ಜೊತೆಗಿದ್ದ ಪಾತ್ರವು ಒಂದು ದಿನ ಗುರುತು ಸಿಗದಂತಾದರೆ ಯಾರಿಗೆ ತಾನೆ ಹಿತವಾದೀತು?

ಆದರೆ ತಿದ್ದುವವನೂ ಒಬ್ಬ ಮುನಿದ ಓದುಗನೇ. ಭವಭೂತಿಯೂ ಆ ಕೊಲೆಯನ್ನು ಇದ್ದಂತೆ ಬಿಡಲಾರದೆ, ಸತ್ತ ಶಂಬೂಕನನ್ನು ದಿವ್ಯಪುರುಷನನ್ನಾಗಿ ಎಬ್ಬಿಸಿದ. ಕುವೆಂಪು ಅವರಿಗೆ ಅಷ್ಟು ಸಾಲಲಿಲ್ಲ. ಕೊಲ್ಲುವ ರಾಮನು ಅವರ ರಾಮನಲ್ಲ. 1949ರ 'ಶ್ರೀರಾಮಾಯಣ ದರ್ಶನಂ'ನಲ್ಲಿ ಮಂಥರೆಯ ಕೇಡಿನ ಹಿಂದೆಯೂ ಅವರು ಮಮತೆಯನ್ನೇ ಇಟ್ಟರು.

ತರುಣನಿಗೆ ಇದನ್ನೆಲ್ಲ ಹೇಳಿದೆ. "ಹಾಗಾದರೆ ನಿಜವಾದ ಮಂಥರೆ ಯಾರು?" ಎಂದ. ಅಷ್ಟರಲ್ಲಿ ಕಾಫಿ ಬಂತು.